ಆಪರೇಷನ್ ಮರುದಿನದ ಮೈನೋವು ಮತ್ತು ಸೋದರಮಾವನ ಹಳೆಯ ಕತೆ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಹೋದ ತಿಂಗಳು 23 ವರ್ಷದ ನನ್ನ ತಮ್ಮನಿಗೆ ಹುಬ್ಬಳ್ಳಿಯಲ್ಲಿ ರಾತ್ರೋರಾತ್ರಿ ಅಪೆಂಡಿಕ್ಸ್ ಆಪರೇಷನ್ ಆಯಿತು, ಹೊಟ್ಟೆಗೆ ಸಣ್ಣ ತೂತು ಹಾಕಿ ದುರ್ಬೀನಿನಿಂದ ಮಾಡಿದರು. ಗಾಯದ ನೋವು ಅಷ್ಟಿರಲಿಲ್ಲ. ಆದರೆ ಮರುದಿನ ಕುತ್ತಿಗೆ, ಭುಜ, ಪಕ್ಕೆ, ಬೆನ್ನು ಎಲ್ಲ ಬಡಿಗೆಯಿಂದ ಬಡಿದಂತೆ ನೋಯತೊಡಗಿ ಮೂರು ದಿನ ಒದ್ದಾಡಿದ. ಕೇಳಿದರೆ ‘ಸ್ನಾಯು ಸಡಿಲ ಮಾಡೋ ಇಂಜೆಕ್ಷನ್‌ದಿಂದ ಆಗತದ, ತಾನ ಹೋಗತದ’ ಎಂದರು. ನೆರೆಯವರು ಅನಸ್ತೇಶಿಯಾ ಜಾಸ್ತಿಯಾಗಿದೆ ಅನ್ನುತ್ತಾರೆ. ಈಗ 51 ವರ್ಷದ ನಮ್ಮ ಅವ್ವನಿಗೆ ಪಿತ್ತಕೋಶದ ಹರಳಿಗೆ ಆಪರೇಷನ್ ಹೇಳಿದ್ದಾರೆ. ಅವ್ವ ಮೆಣಸಿನಕಾಯಿ ಹೊಲದಲ್ಲಿ ದುಡಿಯುವವಳು, ಬಿ.ಪಿ. ಗುಳಿಗೆ ತೊಗೊಳ್ಳುತ್ತಾಳೆ. ಈ ಇಂಜೆಕ್ಷನ್‌ನಿಂದ ಏನೇನು ಅಡ್ಡಪರಿಣಾಮ ಆಗಬಹುದು? ಅದನ್ನು ಕೊಡದೆ ಆಪರೇಷನ್ ಮಾಡಲು ಬರುವುದಿಲ್ಲವೆ? ಇನ್ನೊಂದು ಮಾತು. ಅವ್ವನ ಅಣ್ಣ, ನಮ್ಮ ಸೋದರಮಾವ, ಬಹಳ ವರ್ಷದ ಹಿಂದೆ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುವಾಗ ಪಂಪಿನ ಸಮೇತ ಬಿದ್ದು ತೋಳಿನ ಎಲುಬು ಮುರಿದುಕೊಂಡಿದ್ದ. ಆಪರೇಷನ್ ಬೇಗ ಮುಗಿದರೂ ನಾಲ್ಕೈದು ತಾಸು ತಾನಾಗಿ ಉಸಿರಾಡದೆ ಮಷಿನ್ ಮೇಲೆ ಇಟ್ಟಿದ್ದರಂತೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ. ಅವ್ವ ಮಾತ್ರ ಎರಡನ್ನೂ ಕೂಡಿಸಿಕೊಂಡು ಆಪರೇಷನ್ನೇ ಬೇಡ ಅನ್ನುತ್ತಿದ್ದಾಳೆ.

ಉತ್ತರ: ನೀವು ಕೊನೆಗೆ, ಹೋಗಲಿ ಎಂದು ಸೇರಿಸಿದ ಮಾತೇ ನನ್ನ ಕಣ್ಣಿಗೆ ಮೊದಲು ಬಿತ್ತು. ನಿಮ್ಮ ತಮ್ಮನ ಮೈನೋವು ಹಿಂಸೆ ಕೊಟ್ಟಿದೆ ನಿಜ, ಆದರೆ ಅದರಿಂದ ಅಪಾಯವಿಲ್ಲ. ಮಾವನವರಿಗೆ ಆದದ್ದು ನೋವಿಲ್ಲದೆ ಕಳೆದುಹೋದ ಘಟನೆ. ಆದರೆ ನಿಮ್ಮ ತಾಯಿಯವರ ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಗೊತ್ತಾಗಲೇಬೇಕಾದ ಸಂಗತಿ ಅದು. ಎರಡನ್ನೂ ಕೂಡಿಸಿ ನೋಡಿದ ನಿಮ್ಮ ಅವ್ವನ ಅಂದಾಜು ಪೂರ್ತಿ ತಪ್ಪಲ್ಲ. ಅದರಿಂದ ಆಕೆ ತೆಗೆದುಕೊಂಡ ತೀರ್ಮಾನ ಮಾತ್ರ ಸರಿಯಲ್ಲ.

ಪೂರ್ಣ ಅರಿವಳಿಕೆಯಲ್ಲಿ ನಾವು ಮೂರು ಬೇರೆ ಬೇರೆ ಕೆಲಸ ಮಾಡುತ್ತೇವೆ. ಒಂದು ಔಷಧ ನಿದ್ದೆ ಬರಿಸುತ್ತದೆ, ಇನ್ನೊಂದು ನೋವು ತಡೆಯುತ್ತದೆ, ಮೂರನೆಯದು ಸ್ನಾಯುಗಳನ್ನು ಸಡಿಲಿಸುತ್ತದೆ. ಈ ಮೂರನೆಯದು ನಿದ್ದೆ ಬರಿಸುವುದಿಲ್ಲ, ನೋವನ್ನೂ ತಡೆಯುವುದಿಲ್ಲ. ನರದ ತುದಿಯಿಂದ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಅಪ್ಪಣೆ ಹೋಗುತ್ತದಲ್ಲ, ಆ ಒಂದು ಜಾಗದಲ್ಲಿ ಅಪ್ಪಣೆ ತಲುಪದಂತೆ ಮಾಡುವುದಷ್ಟೇ ಅದರ ಕೆಲಸ. ಕೈಕಾಲು, ಹೊಟ್ಟೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ. ಹೃದಯ ನಿಲ್ಲುವುದಿಲ್ಲ, ಏಕೆಂದರೆ ಹೃದಯದ ಬಡಿತ ಈ ಅಪ್ಪಣೆಗೆ ಕಾಯುವುದಿಲ್ಲ. ಉಸಿರಾಟ ನಿಲ್ಲುವುದು ಅಡ್ಡಪರಿಣಾಮವಲ್ಲ, ಔಷಧದ ಕೆಲಸವೇ ಅದು. ಅದಕ್ಕೇ ಅದನ್ನು ಕೊಟ್ಟ ಗಳಿಗೆಯಿಂದ ರೋಗಿಯ ಉಸಿರು ನಮ್ಮ ಕೈಯಲ್ಲಿರುತ್ತದೆ.

ಇಷ್ಟು ಅಪಾಯದ ಔಷಧ ಯಾಕೆ ಬೇಕು? 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಒಬ್ಬ ಯುವಕನಿಗೆ ಕ್ಯುರಾರೆ ಕೊಟ್ಟರು. ದಕ್ಷಿಣ ಅಮೆರಿಕದ ಬುಡಕಟ್ಟು ಜನ ಬಾಣದ ತುದಿಗೆ ಹಚ್ಚುತ್ತಿದ್ದ ವಿಷ ಅದು. ನಡೆದದ್ದು ನಿಮ್ಮ ತಮ್ಮನಿಗೆ ಆದ ಆಪರೇಷನ್ನೇ, ಅಪೆಂಡಿಕ್ಸ್. ಅದಕ್ಕೂ ಮೊದಲು ಹೊಟ್ಟೆ ಸಡಿಲವಾಗಬೇಕೆಂದರೆ ಈಥರ್ ಎಂಬ ಹಳೆಯ ನಿದ್ದೆಯ ಔಷಧವನ್ನು ಬಹಳ ಆಳಕ್ಕೆ ಕೊಡಬೇಕಾಗುತ್ತಿತ್ತು. ಆ ಆಳದಲ್ಲಿ ಹೃದಯ ಕುಸಿದು ಸತ್ತವರಿದ್ದರು. ಸ್ನಾಯು ಸಡಿಲಿಸುವ ಔಷಧ ಬಂದ ಮೇಲೆ ನಿದ್ದೆಯ ಔಷಧ ಕಡಿಮೆ ಸಾಕಾಯಿತು. ದುರ್ಬೀನಿನ ಆಪರೇಷನ್ನಿಗಂತೂ ಹೊಟ್ಟೆಯೊಳಗೆ ಗ್ಯಾಸ್ ತುಂಬಿ ಗೋಡೆ ಎತ್ತಬೇಕು, ಸ್ನಾಯು ಬಿಗಿಯಾಗಿದ್ದರೆ ಸರ್ಜನ್‌ಗೆ ಜಾಗವೇ ಸಿಗುವುದಿಲ್ಲ. ನಡುವೆ ರೋಗಿ ಒಮ್ಮೆ ಕೆಮ್ಮಿದರೆ ಒಳಗಿರುವ ಉಪಕರಣ ಎಲ್ಲಿ ತಾಗುತ್ತದೋ ಹೇಳಲಾಗದು.

ಬೆನ್ನುನೋವಿಗೆ, ಕುತ್ತಿಗೆ ಹಿಡಿತಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ‘ಮಸಲ್ ರಿಲಾಕ್ಸಂಟ್’ ಗುಳಿಗೆಗಳೇ ಬೇರೆ. ಥಯೋಕೊಲ್ಚಿಕೊಸೈಡ್, ಕ್ಲೋರ್ಜಾಕ್ಸಜೋನ್, ಟಿಜಾನಿಡಿನ್ ಅವುಗಳ ಹೆಸರು. ಆ ಗುಳಿಗೆ ತಿಂದವರು ಉಸಿರು ನಿಂತೀತೆಂದು ಹೆದರುವ ಕಾರಣವಿಲ್ಲ. ನಾನಿಲ್ಲಿ ಹೇಳುವ ಯಾವ ಮಾತೂ ಅವುಗಳಿಗೆ ಅನ್ವಯಿಸುವುದಿಲ್ಲ.

ಈಗ ನಿಮ್ಮ ತಮ್ಮನ ವಿಷಯಕ್ಕೆ ಬರೋಣ. ಅವನಿಗೆ ಕೊಟ್ಟದ್ದು ಬಹುತೇಕ ಸಕ್ಸಿನೈಲ್‌ಕೋಲಿನ್, ಆಪರೇಷನ್ ಥಿಯೇಟರಿನಲ್ಲಿ ನಾವೆಲ್ಲ ‘ಸ್ಕೋಲಿನ್’ ಅನ್ನುತ್ತೇವೆ. ಊಹಿಸಲು ಕಾರಣವಿದೆ. ರಾತ್ರಿ ತುರ್ತಾಗಿ ಬಂದವನ ಹೊಟ್ಟೆ ಖಾಲಿ ಇರುವುದಿಲ್ಲ. ಸಂಜೆ ಉಂಡ ರೊಟ್ಟಿ ಇನ್ನೂ ಅಲ್ಲೇ ಇರುತ್ತದೆ, ಕರುಳು ಕೆಟ್ಟಾಗ ಅದು ಮುಂದೆ ಸಾಗುವುದೂ ಇಲ್ಲ. ನಿದ್ದೆ ಬರಿಸಿದ ಮೇಲೆ ಆ ಅನ್ನ, ಆಮ್ಲ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ಆದ್ದರಿಂದ ನಿದ್ದೆ ಬಂದ ಕೂಡಲೇ ಶ್ವಾಸನಾಳದೊಳಗೆ ಟ್ಯೂಬ್ ಇಳಿಸಿ ಭದ್ರ ಮಾಡಬೇಕು. ಸ್ಕೋಲಿನ್ ಒಂದು ನಿಮಿಷದೊಳಗೆ ಗಂಟಲನ್ನು ಪೂರ್ತಿ ಸಡಿಲ ಮಾಡುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಅದರ ಪ್ರಭಾವ ಇಳಿದೂ ಹೋಗುತ್ತದೆ. 1951ರ ಸುಮಾರಿಗೆ ಬಳಕೆಗೆ ಬಂದ ಈ ಹಳೆಯ ಔಷಧ ಇಷ್ಟೆಲ್ಲ ದೋಷ ಇಟ್ಟುಕೊಂಡೂ ಇವತ್ತಿಗೂ ನಮ್ಮ ತಟ್ಟೆಯಲ್ಲಿ ಉಳಿದದ್ದು ಈ ವೇಗಕ್ಕಾಗಿ.

ಉಳಿದ ಔಷಧಗಳು ಸ್ನಾಯುವಿನ ಬಾಗಿಲಲ್ಲಿ ಸುಮ್ಮನೆ ಕೂತು ಅಡ್ಡಿ ಮಾಡುತ್ತವೆ. ಸ್ಕೋಲಿನ್ ಹಾಗಲ್ಲ. ಮೊದಲು ಸ್ನಾಯುವನ್ನು ತಾನೇ ಕೆರಳಿಸಿ ಆಮೇಲೆ ಸುಮ್ಮನಾಗಿಸುತ್ತದೆ. ಕೊಟ್ಟ ಅರ್ಧ ನಿಮಿಷದಲ್ಲಿ ರೆಪ್ಪೆ, ಎದೆ, ಹೊಟ್ಟೆ, ತೊಡೆಯ ಮೇಲೆ ಸಣ್ಣ ಸಣ್ಣ ಅದುರು ಹರಿದಾಡುವುದು ಬರಿಗಣ್ಣಿಗೇ ಕಾಣುತ್ತದೆ. ಎಳೆಗಳು ಒಂದರ ಹದ ಒಂದಕ್ಕಿಲ್ಲದೆ ಸೆಳೆದಾಗ ಒಳಗೊಳಗೇ ಜಗ್ಗಿ ನೋಯುತ್ತವೆ. ರೂಢಿಯಿಲ್ಲದವನು ದಿನವಿಡೀ ಹೊಲದಲ್ಲಿ ಕುಂಟೆ ಹೊಡೆದರೆ ಮರುದಿನ ಅವನ ಮೈ ಹೇಗಾಗುತ್ತದೋ, ನಿಮ್ಮ ತಮ್ಮನ ಮೈ ಹಾಗಾಗಿದೆ. ‘ಡಾಕ್ಟ್ರ, ಹೊಟ್ಟಿ ಆಪರೇಷನ್ ಮಾಡಿದ್ರೋ ಬೆನ್ನಿಗೆ ಬಡದ್ರೋ?’ ಎಂದು ವಾರ್ಡಿನಲ್ಲಿ ಕೇಳುವವರು ಎಷ್ಟೋ ಮಂದಿ. ವಿಚಿತ್ರವೆಂದರೆ ಅದುರು ಜೋರಾಗಿ ಕಂಡವರಿಗೇ ನೋವು ಜೋರು ಎಂದೇನೂ ಇಲ್ಲ. ಹರೆಯದವರಲ್ಲಿ, ಬೇಗ ಎದ್ದು ಓಡಾಡುವವರಲ್ಲಿ ಹೆಚ್ಚು. ಚಿಕ್ಕ ಮಕ್ಕಳಲ್ಲಿ, ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ ಕಡಿಮೆ. ಮೊದಲ ಒಂದೆರಡು ದಿನದಲ್ಲಿ ಶುರುವಾಗಿ ಎರಡು ಮೂರು ದಿನದಲ್ಲಿ, ಅಪರೂಪಕ್ಕೆ ವಾರದಲ್ಲಿ ಹೋಗುತ್ತದೆ. ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು ಇಲ್ಲದವರಿಗೆ ವೈದ್ಯರು ಡೈಕ್ಲೊಫೆನಾಕ್‌ನಂಥದ್ದನ್ನು ಕೊಡುತ್ತಾರೆ. ನೋಯುತ್ತದೆಂದು ಹಾಸಿಗೆ ಬಿಡದೆ ಮಲಗುವುದು ಬೇಡ, ಆಪರೇಷನ್ ಆದವರು ನಡೆದಾಡುವುದೇ ಲೇಸು.

ಭುಜದ ನೋವಿಗೆ ಮಾತ್ರ ಇನ್ನೊಂದು ಕಾರಣ ಇರಬಹುದು. ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಉಳಿದು ವಪೆಯ, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಿನ, ಕೆಳಗೆ ಸೇರುತ್ತದೆ. ವಪೆಯ ನರವೂ ಭುಜದ ಚರ್ಮದ ನರವೂ ಕುತ್ತಿಗೆಯ ಒಂದೇ ಮಟ್ಟದಿಂದ ಹೊರಡುವುದರಿಂದ ಕಿರಿಕಿರಿ ಆಗುವುದು ಅಲ್ಲಿ, ನೋವು ಕಾಣಿಸುವುದು ಇಲ್ಲಿ. ಎದ್ದು ಕೂತಾಗ ಹೆಚ್ಚಾಗಿ ಅಡ್ಡಾದಾಗ ಕಡಿಮೆಯಾಗಿದ್ದರೆ ಅದು ಗ್ಯಾಸಿನ ನೋವು. ನಿಮ್ಮ ತಾಯಿಯವರಿಗೂ ಇದು ಬಂದೀತು, ಈಗಲೇ ಹೇಳಿಡಿ, ಎದೆನೋವೆಂದು ಗಾಬರಿಯಾಗದಿರಲಿ.

ನೆರೆಯವರು ಹೇಳುವಂತೆ ಅನಸ್ತೇಶಿಯಾ ಜಾಸ್ತಿಯಾಗಿ ಇದು ಆದದ್ದಲ್ಲ. ಸರಿಯಾದ ಪ್ರಮಾಣದಲ್ಲಿ, ಅಂದರೆ ಕಿಲೋ ತೂಕಕ್ಕೆ ಒಂದರಿಂದ ಒಂದೂವರೆ ಮಿಲಿಗ್ರಾಂನಂತೆ ಕೊಟ್ಟರೂ ಆಗುತ್ತದೆ. ಮೈನೋವಿನ ಜೊತೆ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಆ ದಿನವೇ ಓಡಬೇಕಿತ್ತು. ಸ್ನಾಯು ಒಡೆದು ಅದರ ಬಣ್ಣದ ವಸ್ತು ಕಿಡ್ನಿಗೆ ಇಳಿಯುವ ಲಕ್ಷಣ ಅದು. ತಿಂಗಳು ಕಳೆದು ತಮ್ಮ ಸರಿಯಾಗಿದ್ದಾನೆಂದರೆ ಆ ಮಾತಿಲ್ಲ.

ಸ್ಕೋಲಿನ್‌ನ ಉಳಿದ ದೋಷಗಳು ಮೈನೋವಿಗಿಂತ ಗಂಭೀರ, ಆದರೆ ಕೆಲವೇ ಜನರಿಗೆ ಸಂಬಂಧಿಸಿದವು. ರಕ್ತದ ಪೊಟ್ಯಾಷಿಯಂ ಅಂಶವನ್ನು ಅದು ಸುಮಾರು ಅರ್ಧ ಯೂನಿಟ್ ಏರಿಸುತ್ತದೆ, ಆರೋಗ್ಯವಂತರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಮೈ ಸುಟ್ಟು ಒಂದೆರಡು ದಿನ ಕಳೆದವರಿಗೆ, ಲಕ್ವ ಹೊಡೆದವರಿಗೆ, ಬೆನ್ನುಹುರಿಗೆ ಪೆಟ್ಟಾಗಿ ಕಾಲು ಹೋದವರಿಗೆ, ವಾರಗಟ್ಟಲೆ ಐಸಿಯುನಲ್ಲಿ ಮಲಗಿದವರಿಗೆ ಪೊಟ್ಯಾಷಿಯಂ ಒಮ್ಮೆಲೇ ಏರಿ ಹೃದಯ ನಿಲ್ಲಬಹುದು. ಡುಶೆನ್ ಎಂಬ ಸ್ನಾಯು ಸವೆಯುವ ಕಾಯಿಲೆ ಇರುವ ಗಂಡುಮಕ್ಕಳಲ್ಲಿ ಇದೇ ಅಪಾಯ. ಎಷ್ಟೋ ಸಲ ಆ ಕಾಯಿಲೆ ಇದೆಯೆಂದೇ ಮನೆಯವರಿಗೆ ಗೊತ್ತಿರುವುದಿಲ್ಲ. ‘ಹುಡುಗ ನೆಲದಿಂದ ಏಳುವಾಗ ತೊಡಿ ಮ್ಯಾಲೆ ಕೈ ಊರಿ ಏಳತಾನ’ ಎಂದು ತಾಯಿ ಒಂದು ಮಾತು ಹೇಳಿದರೆ ನಾವು ಎಚ್ಚರಾಗುತ್ತೇವೆ. ಮಕ್ಕಳಲ್ಲಿ ಎರಡನೆಯ ಸಲ ಕೊಟ್ಟರೆ ಹೃದಯ ಬಡಿತ ನಿಧಾನವಾಗುವುದುಂಟು, ಅದಕ್ಕೆ ಅಟ್ರೋಪಿನ್ ಕೈಯಲ್ಲೇ ಇಟ್ಟುಕೊಂಡಿರುತ್ತೇವೆ.

ಮಾರಕ ಜ್ವರವೊಂದಿದೆ. ಹುಟ್ಟಿನಿಂದಲೇ ಸ್ನಾಯುವಿನಲ್ಲಿ ಒಂದು ಬಗೆಯ ದೋಷ ಇರುವವರಿಗೆ ಸ್ಕೋಲಿನ್ ಅಥವಾ ಮೂಗಿನಿಂದ ಕೊಡುವ ಅರಿವಳಿಕೆ ಅನಿಲ ತಾಗಿದರೆ ಸ್ನಾಯುಗಳು ಬಿಗಿದು ಮೈ ಕೆಂಡವಾಗುತ್ತದೆ. ಮೆಲ್ಬರ್ನ್‌ನ ಮೈಕಲ್ ಡೆನ್‌ಬರೊ 1960ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಒಬ್ಬ ಯುವಕನ ಮಾತಿನಿಂದ. ಕಾಲು ಮುರಿದುಕೊಂಡು ಬಂದ ಆ ಹುಡುಗ ಕಾಲಿಗಿಂತ ಅರಿವಳಿಕೆಗೆ ಹೆದರಿದ್ದ. ಅವನ ಬಂಧುಗಳಲ್ಲಿ ಹತ್ತು ಜನ ಈಥರ್ ಕೊಟ್ಟಾಗ ಸತ್ತಿದ್ದರು. ಇದಕ್ಕಿರುವ ನೇರ ಔಷಧ ಡ್ಯಾಂಟ್ರೊಲೀನ್ ಒಂದೇ, ಅದು ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಮನೆತನದಲ್ಲಿ ಯಾರಾದರೂ ಆಪರೇಷನ್ ಮೇಜಿನ ಮೇಲೆ ತೀರಿಕೊಂಡಿದ್ದರೆ ನಾಚದೆ, ಅಪಶಕುನ ಎನ್ನದೆ ಹೇಳಿ ಎಂದು ನಾವು ಬೇಡಿಕೊಳ್ಳುವುದು ಇದಕ್ಕೇ.

ಈಗ ಮಾವನವರ ವಿಷಯ. ಸ್ಕೋಲಿನ್ ಐದರಿಂದ ಹತ್ತು ನಿಮಿಷದಲ್ಲಿ ಇಳಿಯುವುದು ತಾನಾಗಿ ಅಲ್ಲ, ನಮ್ಮ ಲಿವರ್ ತಯಾರಿಸುವ ಸೂಡೊಕೋಲಿನೆಸ್ಟರೇಸ್ ಎಂಬ ಕಿಣ್ವ ರಕ್ತದಲ್ಲೇ ಅದನ್ನು ತುಂಡರಿಸುವುದರಿಂದ. ಆ ಕಿಣ್ವ ಇಲ್ಲದಿದ್ದರೆ, ಇದ್ದೂ ಕೆಲಸ ಮಾಡದಿದ್ದರೆ, ಅದೇ ಔಷಧ ತಾಸುಗಟ್ಟಲೆ ನಿಲ್ಲುತ್ತದೆ. ಆಪರೇಷನ್ ಮುಗಿದಿರುತ್ತದೆ, ರೋಗಿ ಕದಲುವುದಿಲ್ಲ, ಉಸಿರಾಡುವುದಿಲ್ಲ. ಆಗ ಮಾಡಬೇಕಾದ್ದು ಒಂದೇ: ನಿದ್ದೆಯ ಔಷಧ ಮುಂದುವರಿಸಿ, ಮಷಿನ್ನಿನಿಂದ ಉಸಿರು ಕೊಡುತ್ತ ಕಾಯುವುದು. ಮಾವನವರ ವೈದ್ಯರು ಅದನ್ನೇ ಮಾಡಿದ್ದಾರೆ ಎಂದು ಕಾಣುತ್ತದೆ, ಅವರು ಸರಿಯಾಗಿಯೇ ಎದ್ದು ಬಂದಿದ್ದಾರೆ. ನಾಲ್ಕೈದು ತಾಸು ಎಂಬ ನಿಮ್ಮ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ತಡವಾಗಿ ಉಸಿರು ಬರಲು ಬೇರೆ ಕಾರಣಗಳೂ ಉಂಟು. ನೋವಿನ ಔಷಧ ಹೆಚ್ಚಾದರೆ, ಮೈ ತಣ್ಣಗಾದರೆ, ಇನ್ನೊಂದು ಬಗೆಯ ಸಡಿಲಿಸುವ ಔಷಧ ಉಳಿದಿದ್ದರೆ ಹೀಗಾದೀತು. ಕಾಗದ ನೋಡದೆ ಇದೇ ಎಂದು ನಾನು ತೀರ್ಪು ಕೊಡಲಾರೆ. ಆದರೂ ಆಪರೇಷನ್ ಸಣ್ಣದಿತ್ತು, ಮನುಷ್ಯ ಗಟ್ಟಿಮುಟ್ಟಾಗಿದ್ದ ಎಂದಾಗ ನಾನು ಮೊದಲು ಹುಡುಕುವುದು ಈ ಕಿಣ್ವವನ್ನೇ.

ಕಿಣ್ವ ಕಡಿಮೆಯಾಗಲು ದೊಡ್ಡ ದಾರಿ ಎರಡು. ಎರಡೂ ನಿಮ್ಮ ಪತ್ರದಲ್ಲಿವೆ.

ಮೊದಲನೆಯದು ಬೆನ್ನಿಗಿದ್ದ ಪಂಪು. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಆರ್ಗನೊಫಾಸ್ಫರಸ್ ಔಷಧಗಳು ಹುಳವನ್ನು ಕೊಲ್ಲುವುದೇ ಕೋಲಿನೆಸ್ಟರೇಸ್ ಕಿಣ್ವಗಳನ್ನು ಕಟ್ಟಿಹಾಕಿ. ಹೊಡೆಯುವವರ ಕೈ, ಬೆನ್ನು, ಉಸಿರಿನ ಮೂಲಕ ಒಳಗೆ ಹೋದರೆ ಮನುಷ್ಯನ ರಕ್ತದಲ್ಲಿರುವ ಕಿಣ್ವಕ್ಕೂ ಅದೇ ಗತಿ. ವಾಂತಿ, ಜೊಲ್ಲು, ಕಣ್ಣು ಮಂಜಾಗುವುದು ಏನೂ ಇಲ್ಲದೆಯೂ ಕಿಣ್ವ ಅರ್ಧಕ್ಕಿಳಿದಿರಬಹುದು. ಮತ್ತೆ ತುಂಬಿಕೊಳ್ಳಲು ಸುಮಾರು ಒಂದರಿಂದ ಒಂದೂವರೆ ತಿಂಗಳು ಬೇಕು. ಹಾವೇರಿ, ಬ್ಯಾಡಗಿ, ಗದಗಿನ ಕಡೆ ಹತ್ತಿ, ಮೆಣಸಿನಕಾಯಿಗೆ ಒಂದೇ ಹಂಗಾಮಿನಲ್ಲಿ ಎಷ್ಟು ಸಲ ಎಣ್ಣೆ ಹೊಡೆಯುತ್ತಾರೆಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಭಾಗದಲ್ಲಿ ಆಪರೇಷನ್ನಿಗೆ ಮುಂಚೆ ಬಿ.ಪಿ., ಸಕ್ಕರೆ ಕಾಯಿಲೆ ಕೇಳುವಂತೆ ‘ಯಾವಾಗ ಎಣ್ಣಿ ಹೊಡದಿದ್ರಿ?’ ಎಂದೂ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕದ ಪ್ರಶ್ನಾವಳಿಯಲ್ಲಿ ಆ ಸಾಲು ಇರುವುದಿಲ್ಲ, ವೈದ್ಯರು ಕೇಳದಿದ್ದರೆ ನೀವೇ ಹೇಳಬೇಕು. ಹೆಣ್ಣುಮಕ್ಕಳು ಪಂಪು ಹೊರದಿದ್ದರೂ ನೀರಿಗೆ ಔಷಧ ಬೆರೆಸುತ್ತಾರೆ, ಹೊಡೆದ ಮರುದಿನವೇ ಕಳೆ ತೆಗೆಯಲು, ಕಾಯಿ ಹರಿಯಲು ಹೋಗುತ್ತಾರೆ. ನಿಮ್ಮ ಅವ್ವನಿಗೂ ಈ ಪ್ರಶ್ನೆ ಅಷ್ಟೇ ಅನ್ವಯಿಸುತ್ತದೆ.

ಎರಡನೆಯದು ರಕ್ತಸಂಬಂಧ. ಈ ಕಿಣ್ವದ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಒಂದು ಮಾತ್ರ ಕೆಟ್ಟಿದ್ದರೆ ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ, ಎರಡೂ ಕೆಟ್ಟಿದ್ದರೆ ಸ್ಕೋಲಿನ್ ತಾಸುಗಟ್ಟಲೆ ನಿಲ್ಲುತ್ತದೆ. ಮಾವನವರಿಗೆ ಎರಡೂ ಕೆಟ್ಟಿದ್ದರೆ, ಅವರ ಒಡಹುಟ್ಟಿದ ನಿಮ್ಮ ತಾಯಿಗೂ ಹಾಗೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚಿಕ್ಕ ಅಂಕಿಯಲ್ಲ ಅದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇರುವುದರಿಂದ ಒಂದೇ ದೋಷ ಎರಡೂ ಕಡೆಯಿಂದ ಬಂದು ಕೂಡುವುದು ಇನ್ನಷ್ಟು ಸುಲಭ. ನಿಮ್ಮ ಅಜ್ಜ ಅಜ್ಜಿ ಸಂಬಂಧಿಗಳಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಆರ್ಯವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇರುವುದನ್ನು ಕೊಯಮತ್ತೂರಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಅಲ್ಲಿಂದೀಚೆಗೆ ದಕ್ಷಿಣ ಭಾರತದ ಅನೇಕ ಅರಿವಳಿಕೆ ವೈದ್ಯರು ಆ ಸಮುದಾಯದವರಿಗೆ ಸ್ಕೋಲಿನ್ ಕೊಡುವ ಮುಂಚೆ ಯೋಚಿಸುತ್ತಾರೆ. ಜಾತಿ ಕೇಳಿದರೆಂದು ಬೇಸರ ಮಾಡಿಕೊಳ್ಳುವವರಿದ್ದಾರೆ, ಆ ಪ್ರಶ್ನೆಯ ಹಿಂದೆ ಇಷ್ಟೇ ಇರುತ್ತದೆ. ಇದು ಕಾಯಿಲೆಯೂ ಅಲ್ಲ. ಈ ಕಿಣ್ವ ಇಲ್ಲದವರು ನೂರು ವರ್ಷ ಆರೋಗ್ಯವಾಗಿ ಬಾಳಬಹುದು, ಸ್ಕೋಲಿನ್ ತಾಗದಿದ್ದರೆ ಅವರಿಗೆ ಗೊತ್ತೂ ಆಗುವುದಿಲ್ಲ.

ಎರಡು ದಾರಿಯಲ್ಲಿ ಯಾವುದೆಂದು ಇವತ್ತಿಗೂ ತಿಳಿಯಬಹುದು. ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ ಹೊಸದೇನಲ್ಲ, ಕೀಟನಾಶಕ ಕುಡಿದು ಬಂದವರಿಗೆ ಮಾಡುತ್ತಾರಲ್ಲ, ಅದೇ. ಮೊದಲು ಮಾವನವರಿಗೆ ಮಾಡಿಸಿ. ಕಳೆದ ಒಂದೂವರೆ ತಿಂಗಳು ಎಣ್ಣೆಯ ಹತ್ತಿರ ಹೋಗದಿದ್ದಾಗ ಮಾಡಿಸಿ, ಇಲ್ಲದಿದ್ದರೆ ಉತ್ತರ ಮತ್ತೆ ಕಲಸುಮೇಲೋಗರ. ಆಗ ಕಿಣ್ವ ಸರಿಯಾಗಿದ್ದರೆ, ಅಂದು ಕಾರಣವಾದದ್ದು ಬಹುಶಃ ಹತ್ತಿಯ ಔಷಧ. ಆಗಲೂ ತೀರಾ ಕಡಿಮೆಯಿದ್ದು ಲಿವರ್ ಚೆನ್ನಾಗಿದ್ದರೆ ಹುಟ್ಟಿನಿಂದ ಬಂದದ್ದು, ಆಗ ಒಡಹುಟ್ಟಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಿಮ್ಮ ತಮ್ಮನ ಬಗ್ಗೆ ಒಂದು ಸಮಾಧಾನದ ಮಾತು ಇಲ್ಲೇ ಹೇಳುತ್ತೇನೆ. ಅವನಿಗೆ ಸ್ಕೋಲಿನ್ ಕೊಟ್ಟಿದ್ದು ನಿಜವಾಗಿ, ಆಪರೇಷನ್ ಮುಗಿದಾಗ ಹೊತ್ತಿಗೆ ಸರಿಯಾಗಿ ಎದ್ದಿದ್ದರೆ, ಅವನಲ್ಲಿ ಎರಡೂ ಜೀನ್ ಕೆಟ್ಟಿಲ್ಲ ಎಂದೇ ಅರ್ಥ. ಆದರೆ ಅದರಿಂದ ತಾಯಿಗೂ ತೊಂದರೆಯಿಲ್ಲ ಎಂದು ಲೆಕ್ಕ ಹಾಕಬೇಡಿ. ತಾಯಿಯ ಎರಡೂ ಜೀನ್ ಕೆಟ್ಟಿದ್ದರೂ ಮಗನಿಗೆ ಹೋಗುವುದು ಅದರಲ್ಲಿ ಒಂದೇ.

ಪರೀಕ್ಷೆಯ ಫಲ ಏನೇ ಬರಲಿ, ನಿಮ್ಮ ತಾಯಿಗೆ ಸ್ಕೋಲಿನ್ ಬೇಕಾಗಿಯೇ ಇಲ್ಲ. ಅವರದು ದಿನ ಗೊತ್ತುಮಾಡಿ ಮಾಡುವ ಆಪರೇಷನ್. ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಟ್ಯೂಬ್ ಹಾಕಲು ಒಂದೇ ನಿಮಿಷದ ಅವಸರವಿಲ್ಲ. ಇದೇ ಕಿಣ್ವದಿಂದ ಕರಗುವ ಇನ್ನೊಂದು ಔಷಧ ಮಿವಾಕ್ಯೂರಿಯಂ, ಅದನ್ನೂ ಬಿಡಬಹುದು. ಅಟ್ರಾಕ್ಯೂರಿಯಂ, ವೆಕ್ಯುರೋನಿಯಂ, ರೊಕ್ಯುರೋನಿಯಂ ಈ ಮೂರಕ್ಕೂ ಆ ಕಿಣ್ವದ ಹಂಗಿಲ್ಲ. ಎರಡು ಮೂರು ನಿಮಿಷದಲ್ಲಿ ಕೆಲಸ ಶುರುಮಾಡಿ ಅರ್ಧ ಮುಕ್ಕಾಲು ತಾಸು ನಿಲ್ಲುತ್ತವೆ. ಸ್ನಾಯು ಅದುರುವುದಿಲ್ಲ, ಆದ್ದರಿಂದ ತಮ್ಮನಿಗೆ ಬಂದಂಥ ಮೈನೋವೂ ಇಲ್ಲ.

ಅವುಗಳಿಗೂ ತಮ್ಮದೇ ದೋಷಗಳಿವೆ. ಅಟ್ರಾಕ್ಯೂರಿಯಂ ರಕ್ತದ ಬಿಸಿಗೆ, ರಕ್ತದ ಕ್ಷಾರಗುಣಕ್ಕೆ ತಾನಾಗಿಯೇ ಒಡೆದುಹೋಗುತ್ತದೆ, ಕಿಡ್ನಿ ಲಿವರ್ ಎರಡನ್ನೂ ಕಾಯುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವರವಾದ ಗುಣ ಇದು. ಆದರೆ ಬೇಗ ಬೇಗ ಕೊಟ್ಟರೆ ಹಿಸ್ಟಮಿನ್ ಎಂಬ ಅಲರ್ಜಿ ತರುವ ರಾಸಾಯನಿಕ ಬಿಡುಗಡೆಯಾಗಿ ಎದೆ, ಕುತ್ತಿಗೆ ಕೆಂಪಗಾಗುತ್ತದೆ, ಬಿ.ಪಿ. ಇಳಿಯುತ್ತದೆ, ಅಸ್ತಮಾ ಇದ್ದವರಿಗೆ ಉಬ್ಬಸ ಬಂದೀತು. ನಿಧಾನವಾಗಿ ಕೊಟ್ಟರೆ ಬಹುಮಟ್ಟಿಗೆ ತಪ್ಪುತ್ತದೆ. ವೆಕ್ಯುರೋನಿಯಂ ಬಿ.ಪಿ.ಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಪುಡಿಯ ರೂಪದಲ್ಲಿ ಬರುವುದರಿಂದ ಫ್ರಿಜ್ ಬೇಡ, ಕರೆಂಟು ಹೋಗಿ ಬರುವ ಊರಿನ ಆಸ್ಪತ್ರೆಗಳಿಗೆ ಇದು ಸಣ್ಣ ಅನುಕೂಲವಲ್ಲ. ಲಿವರ್, ಕಿಡ್ನಿ ಕೆಟ್ಟವರಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತದೆ. ರೊಕ್ಯುರೋನಿಯಂ ರಕ್ತನಾಳದಲ್ಲಿ ಉರಿಯುತ್ತದೆ, ನಿದ್ದೆ ಬಂದ ಮೇಲೂ ಕೆಲವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಈ ಮೂರರಲ್ಲೂ ನಾನು ನಿಜವಾಗಿ ಕಾಳಜಿ ಮಾಡುವ ಅಡ್ಡಪರಿಣಾಮ ಬೇರೆ ಇದೆ, ಔಷಧ ಪೂರ್ತಿ ಇಳಿಯದೆ ಸ್ವಲ್ಪ ಉಳಿಯುವುದು. ರೋಗಿ ಕಣ್ಣು ಬಿಟ್ಟಿರುತ್ತಾಳೆ, ಹೆಸರು ಕೇಳಿದರೆ ಹೇಳುತ್ತಾಳೆ, ಎಲ್ಲ ಸರಿಯಾದಂತೆ ಕಾಣುತ್ತದೆ. ಆದರೆ ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು, ಉಗುಳು ನುಂಗಲಾಗದಿರುವುದು, ತಲೆ ಎತ್ತಲಾಗದಿರುವುದು, ‘ಎದಿ ಮ್ಯಾಲೆ ಕಲ್ಲ ಇಟ್ಟಂಗ ಆಗೈತ್ರಿ’ ಅನ್ನುವುದು ಔಷಧ ಉಳಿದಿರುವ ಗುರುತು. ಗಂಟಲಿನ ಸ್ನಾಯು ಎಲ್ಲಕ್ಕಿಂತ ತಡವಾಗಿ ಸುಧಾರಿಸುವುದರಿಂದ ಉಗುಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುವ ದಾರಿ ತೆರೆದಿರುತ್ತದೆ. ಇದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಎಷ್ಟು ಅಲುಗುತ್ತದೆಂದು ಅಳೆಯುವ ಉಪಕರಣವಿದೆ. ನಾಲ್ಕನೆಯ ಅಲುಗಾಟ ಮೊದಲನೆಯದರ ಶೇಕಡಾ 90ರಷ್ಟಾದರೂ ಆಗುವವರೆಗೆ ಟ್ಯೂಬ್ ತೆಗೆಯಬಾರದು ಎಂದು ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2023ರಲ್ಲಿ ಬರೆದಿಟ್ಟಿತು. ನಮ್ಮ ಕಡೆ ಇನ್ನೂ ಎಲ್ಲ ಥಿಯೇಟರಿನಲ್ಲಿ ಅದಿಲ್ಲ, ಇರಬೇಕು. ತಾಯಿಯವರ ಆಪರೇಷನ್ ಆಗುವಲ್ಲಿ ಇದೆಯೇ ಎಂದು ನೀವು ಕೇಳಿದರೆ ಯಾವ ವೈದ್ಯರೂ ತಪ್ಪು ತಿಳಿಯಬಾರದು.

ಉಳಿದ ಔಷಧವನ್ನು ಇಳಿಸಲು ನಿಯೊಸ್ಟಿಗ್ಮಿನ್ ಕೊಡುತ್ತೇವೆ. ಅದೊಂದೇ ಕೊಟ್ಟರೆ ಹೃದಯ ಬಡಿತ ನಿಧಾನವಾಗುವುದರಿಂದ ಜೊತೆಗೆ ಗ್ಲೈಕೊಪೈರೊಲೇಟ್ ಇರುತ್ತದೆ. ಎದ್ದ ಮೇಲೆ ಬಾಯಿ ಒಣಗುವುದು, ಎದೆ ಸ್ವಲ್ಪ ಬಡಿದುಕೊಳ್ಳುವುದು, ವಯಸ್ಸಾದ ಗಂಡಸರಿಗೆ ಮೂತ್ರ ತಡೆಯುವುದು ಈ ಎರಡನೆಯದರಿಂದ. ಇತ್ತೀಚೆಗೆ ಸುಗಮಡೆಕ್ಸ್ ಬಂದಿದೆ. ರೊಕ್ಯುರೋನಿಯಂ, ವೆಕ್ಯುರೋನಿಯಂ ಕಣಗಳನ್ನು ತನ್ನೊಳಗೆ ಸೆರೆಹಿಡಿದು ಎರಡು ಮೂರು ನಿಮಿಷದಲ್ಲಿ ಇಳಿಸುತ್ತದೆ. ಅಟ್ರಾಕ್ಯೂರಿಯಂ, ಸ್ಕೋಲಿನ್‌ಗೆ ಅದು ಉಪಯೋಗವಿಲ್ಲ, ಬೆಲೆಯೂ ಜಾಸ್ತಿ. ಗರ್ಭನಿರೋಧಕ ಗುಳಿಗೆ ತಿನ್ನುವ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿದ್ದರೆ ಏಳು ದಿನ ಆ ಗುಳಿಗೆಯನ್ನು ಮಾತ್ರ ನಂಬುವಂತಿಲ್ಲ. ಈ ಮಾತನ್ನು ಡಿಸ್ಚಾರ್ಜ್ ಹೊತ್ತಿಗೆ ಹೇಳುವುದು ಬಹಳ ಸಲ ಮರೆತುಹೋಗುತ್ತದೆ.

ಜೀವಕ್ಕೆ ಕುತ್ತು ತರುವ ಅಲರ್ಜಿ ಅಪರೂಪ. ಬ್ರಿಟನ್‌ನಲ್ಲಿ 2018ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ಅರಿವಳಿಕೆಯ ಹೊತ್ತಿನ ತೀವ್ರ ಅಲರ್ಜಿ ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ ಕಂಡಿತು. ಅದರಲ್ಲಿ ಮೂರನೇ ಒಂದರಷ್ಟಕ್ಕೆ ಸ್ನಾಯು ಸಡಿಲಿಸುವ ಔಷಧ ಕಾರಣ, ಅರ್ಧದಷ್ಟಕ್ಕೆ ಆ್ಯಂಟಿಬಯಾಟಿಕ್. ಒಮ್ಮೆ ಹಾಗಾದವರಿಗೆ ಔಷಧದ ಹೆಸರು ಬರೆದುಕೊಟ್ಟಿರುತ್ತಾರೆ. ಅದನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿಡಬೇಕು.

ತಾಯಿಯವರಿಗೆ ಇನ್ನೊಂದು ಹೆದರಿಕೆ ಇದ್ದೇ ಇರುತ್ತದೆ, ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಮೈ ಅಲುಗದೆ ಮನಸ್ಸು ಎಚ್ಚರಾಗಿಬಿಟ್ಟರೆ? ಸುಳ್ಳು ಭಯವಲ್ಲ. ಬ್ರಿಟನ್‌ನದೇ 2014ರ ಸಮೀಕ್ಷೆಯಲ್ಲಿ ಹೀಗೆ ಎಚ್ಚರಾದ ನೆನಪಿರುವವರು ಒಟ್ಟಾರೆ 19,000ಕ್ಕೆ ಒಬ್ಬರು, ಸ್ನಾಯು ಸಡಿಲಿಸುವ ಔಷಧ ಕೊಟ್ಟಲ್ಲಿ ಸುಮಾರು 8,000ಕ್ಕೆ ಒಬ್ಬರು, ಕೊಡದಿದ್ದಲ್ಲಿ 1,36,000ಕ್ಕೆ ಒಬ್ಬರು. ಅಲುಗಲಾರದವಳು ತಾನು ಎಚ್ಚರಾದೆ ಎಂದು ತೋರಿಸಲಾರಳು, ಅದಕ್ಕೇ ಈ ವ್ಯತ್ಯಾಸ. ನಿದ್ದೆಯ ಅನಿಲ ಎಷ್ಟು ಹೋಗುತ್ತಿದೆಯೆಂದು ಮಾನಿಟರಿನಲ್ಲಿ ಇಡೀ ಹೊತ್ತು ನೋಡುತ್ತಿರುವುದು, ಪಕ್ಕದಿಂದ ಕದಲದಿರುವುದು ನಮ್ಮ ಕರ್ತವ್ಯ. ನಿಮ್ಮ ತಾಯಿ ಈ ಭಯವನ್ನು ಅರಿವಳಿಕೆ ವೈದ್ಯರ ಎದುರು ಹೇಳಲಿ. ಹೇಳಿದವರ ಬಗ್ಗೆ ನಾವು ಇನ್ನೂ ಎಚ್ಚರವಾಗಿರುತ್ತೇವೆ.

ಔಷಧ ಕೊಡದೆ ಮಾಡಲು ಬರು‍ವುದಿಲ್ಲವೆ ಎಂದು ಕೇಳಿದ್ದೀರಿ. ಬೆನ್ನಿಗೆ ಸೂಜಿ ಹಾಕಿ ಪಿತ್ತಕೋಶದ ಆಪರೇಷನ್ ಮಾಡಿದವರಿದ್ದಾರೆ. ಆದರೆ ಹೊಟ್ಟೆಗೆ ಗ್ಯಾಸ್ ತುಂಬಿ, ತಲೆಯ ಕಡೆ ಎತ್ತರಿಸಿ ಮಾಡುವ ಕೆಲಸದಲ್ಲಿ ಎಚ್ಚರವಿರುವವರಿಗೆ ಭುಜ ನೋಯುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಶ್ವಾಸಕೋಶ ಗಟ್ಟಿಯಿರುವ 51ರ ಹೆಣ್ಣುಮಗಳಿಗೆ ನಾನು ಅದನ್ನು ಹೇಳುವುದಿಲ್ಲ. ಆಪರೇಷನ್ನೇ ಬೇಡವೆಂದು ಮುಂದೂಡಿದರೆ ಹರಳು ಜಾರಿ ಪಿತ್ತನಾಳದಲ್ಲಿ ಸಿಕ್ಕಿ ಕಾಮಾಲೆ, ಮೇದೋಜೀರಕ ಗ್ರಂಥಿಯ ಉರಿಯೂತ ಆದೀತು. ಆಗ ತಮ್ಮನ ಹಾಗೆ ನಡುರಾತ್ರಿ ತುಂಬಿದ ಹೊಟ್ಟೆಯಲ್ಲಿ ಹುಬ್ಬಳ್ಳಿಗೆ ಓಡಬೇಕಾದೀತು. ಅರಿವಳಿಕೆ ವೈದ್ಯರ ಕೈ ಸ್ಕೋಲಿನ್ ಕಡೆ ಹೋಗುವುದು ಅಂಥ ಹೊತ್ತಿನಲ್ಲೇ, ಮಾವನ ಕತೆ ಹೇಳಲು ಪಕ್ಕದಲ್ಲಿ ಯಾರೂ ಇರದಿರುವುದೂ ಅಂಥ ಹೊತ್ತಿನಲ್ಲೇ.

ಆದ್ದರಿಂದ ಅರಿವಳಿಕೆ ತಪಾಸಣೆಗೆ ಆಪರೇಷನ್ ಹಿಂದಿನ ದಿನ ಹೋಗಬೇಡಿ, ಹತ್ತು ದಿನ ಮುಂಚೆ ಹೋಗಿ. ಕೋಲಿನೆಸ್ಟರೇಸ್ ಮಾಡಿಸಬೇಕೆಂದರೆ ಫಲ ಕೈಗೆ ಬರಲು ಸಮಯ ಬೇಕು. ಮಾವನವರ ಹಳೆಯ ಡಿಸ್ಚಾರ್ಜ್ ಕಾಗದ ಸಿಕ್ಕರೆ ಒಯ್ಯಿರಿ. ಸಿಗದಿದ್ದರೆ ಯಾವ ಊರು, ಯಾವ ವರ್ಷ, ಎಷ್ಟು ತಾಸು ಮಷಿನ್ ಮೇಲಿದ್ದರು, ಯಾವ ಎಣ್ಣೆ ಹೊಡೆಯುತ್ತಿದ್ದರು ಎಂದು ಅವರನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ತಮ್ಮನಿಗೆ ಕೊಟ್ಟ ಔಷಧಗಳ ಹೆಸರನ್ನು ಆಸ್ಪತ್ರೆಯಿಂದ ಬರೆಸಿಕೊಳ್ಳಿ, ಅದು ರೋಗಿಯ ಹಕ್ಕು. ತಾಯಿಯವರ ಬಿ.ಪಿ. ಗುಳಿಗೆಯ ಚೀಟಿ ತೋರಿಸಿ ಅಂದು ಮುಂಜಾನೆ ನುಂಗಬೇಕೋ ಬಿಡಬೇಕೋ ಕೇಳಿ, ಏಕೆಂದರೆ ಕೆಲವನ್ನು ನುಂಗಲೇಬೇಕು, ಕೆಲವನ್ನು ಬಿಡಬೇಕು. ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ನಡೆದಿದ್ದರೆ, ಫಿಟ್ಸ್ ಗುಳಿಗೆ ಇದ್ದರೆ ಅದನ್ನೂ ಹೇಳಿ. ಮೊದಲನೆಯದು ಈ ಔಷಧಗಳನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಎರಡನೆಯದು ಬೇಗ ಇಳಿಸುತ್ತದೆ. ಇವತ್ತಿನಿಂದ ಆಪರೇಷನ್ ಮುಗಿಯುವವರೆಗೆ ಅವ್ವ ಎಣ್ಣೆ ಹೊಡೆದ ಹೊಲಕ್ಕೆ ಇಳಿಯುವುದು ಬೇಡ, ಔಷಧ ಬೆರೆಸುವ ಕೆಲಸವನ್ನೂ ಬೇರೆಯವರು ಮಾಡಲಿ, ಅವರೂ ಕೈಗವಸು ಹಾಕಿಕೊಂಡು ಮಾಡಲಿ. ಪರೀಕ್ಷೆಯಲ್ಲಿ ಕಿಣ್ವ ತೀರಾ ಕಡಿಮೆ ಬಂದರೆ ‘ಸ್ಕೋಲಿನ್ ಕೊಡಬಾರದು’ ಎಂದು ವೈದ್ಯರಿಂದ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಸಹಿ ಹಾಕಿಸಿ, ಒಂದು ಪ್ರತಿ ಮಾವನ ಮನೆಗೂ ಕೊಡಿ.